ಮಲ್ಲಿಗೆಗೆ ತಾಗಿದ ಎಣ್ಣೆ

ಭಟ್ಕಳದ ಹತ್ತಿರದ ಬೆಳಕೆಯ ಮಾದೇವಿಯ ಮೂಗು ಬಲು ಚುರುಕು. ಮೊಗ್ಗಿನ ಬುಟ್ಟಿಗೆ ಹೊದೆಸಿದ ಒದ್ದೆ ಬಟ್ಟೆ ತೆಗೆಯುವ ಮೊದಲೇ, ಇದು ಇವತ್ತು ನಸುಕಿನಲ್ಲಿ ಕೊಯ್ದದ್ದೋ ನಿನ್ನೆ ಸಂಜೆಯದೋ ಎಂದು ಹೇಳಿಬಿಡುತ್ತಿದ್ದಳು. ನಿನ್ನೆಯ ಮೊಗ್ಗನ್ನು ಅಡಿಗೆ ಹಾಕಿ ಮೇಲೆ ಇವತ್ತಿನದನ್ನು ಹರವಿ ತರುತ್ತಿದ್ದ ಕೇರಿಯ ಹೆಂಗಸರು ಅವಳ ಕೈಯಲ್ಲಿ ಒಮ್ಮೆ ಸಿಕ್ಕಿಬಿದ್ದ ಮೇಲೆ ಮತ್ತೆ ಆ ಗೋಜಿಗೆ ಹೋಗಲಿಲ್ಲ. ಮಾದೇವಿ ಬೈಯುವವಳಲ್ಲ. ಬುಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಇದನ್ನು ನೀವೇ ಮುಡಿದುಕೊಳ್ಳಿ ಎಂದು ನಗುತ್ತಿದ್ದಳು. ಆ ನಗುವಿಗೇ ಅವರು ಹೆದರುತ್ತಿದ್ದರು.

ಭಟ್ಕಳದ ಸುತ್ತಿನ ಮರಳುಮಣ್ಣಿನಲ್ಲಿ ಬೆಳೆದ ಮಲ್ಲಿಗೆಗೆ ಹೊನ್ನಾವರ, ಕುಮಟೆಯ ಪೇಟೆಗಳಲ್ಲಿ ಒಳ್ಳೆಯ ಹೆಸರಿತ್ತು. ಮಾದೇವಿಯ ಅತ್ತೆ ಗಂಗಿ ಬಾವಿಕಟ್ಟೆಯ ಬದಿಗೆ ನಾಲ್ಕಾರು ಗಿಡ ನೆಟ್ಟು, ಬುಡಕ್ಕೆ ಒಲೆಬೂದಿ ಹಾಕಿ, ಮೀನು ತೊಳೆದ ನೀರು ಹೊಯ್ದು ಸಾಕಿದ್ದಳು. ದೇವರಿಗಿಟ್ಟು ಮಿಕ್ಕಿದ್ದು ಭಟ್ಕಳದ ಪೇಟೆಗೆ ಹೋಗುತ್ತಿತ್ತು. ಸೊಸೆ ಬಂದ ಮೇಲೆ ಗಿಡಗಳು ಅಂಗಳ ದಾಟಿ ಗದ್ದೆಯ ಅಂಚಿನವರೆಗೆ ಹಬ್ಬಿದವು. ಬರಬರುತ್ತ ನೆರೆಮನೆಗಳ ಮೊಗ್ಗನ್ನೂ ಮಾದೇವಿಯೇ ಕೂಡಿಸತೊಡಗಿದಳು. ಅವಳ ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಬಾಳೆನಾರಿನಲ್ಲಿ ದಂಡೆ ಕಟ್ಟುತ್ತಿದ್ದರು. ಕಟ್ಟಿದ್ದನ್ನು ಬಾಳೆಲೆಯಲ್ಲಿ ಸುತ್ತಿ ಬುಟ್ಟಿ ತುಂಬಿಸಿ, ಅವಳು ಹೊನ್ನಾವರದ ಬಸ್ಸು ಹತ್ತುತ್ತಿದ್ದಳು.

ಬಸ್ಸಿನದೇ ಒಂದು ಗೋಳು. ಅದು ಶಿರಾಲಿಯಲ್ಲಿ ನಿಂತು, ಮಂಕಿಯಲ್ಲಿ ನಿಂತು, ಕೈ ತೋರಿದಲ್ಲೆಲ್ಲ ನಿಂತು ಕಾಸರಕೋಡಿಗೆ ಬಂದರೆ ಮುಂದೆ ಶರಾವತಿ ಅಡ್ಡ. ಆಗಿನ್ನೂ ಸೇತುವೆ ಇರಲಿಲ್ಲ. ಜನ ದೋಣಿಯಲ್ಲಿ ದಾಟುತ್ತಿದ್ದರು. ಲಾರಿ, ಮೋಟಾರುಗಳನ್ನು ಎರಡು ದೊಡ್ಡ ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ಲು ದಾಟಿಸುತ್ತಿತ್ತು. ಇಷ್ಟೆಲ್ಲ ಕಳೆದು ಪೇಟೆ ಮುಟ್ಟುವ ಹೊತ್ತಿಗೆ ಮೊಗ್ಗು ಬಾಯಿ ಬಿಟ್ಟಿರುತ್ತಿತ್ತು. ಅರಳಿ ಹೋದ ಮಲ್ಲಿಗೆಯನ್ನು ಕೇಳುವವರು ಯಾರು?

ಅವಳ ಗಂಡ ಜಟ್ಟಿ ಆ ವರ್ಷಗಳಲ್ಲಿ ಘಟ್ಟದ ಮೇಲೆ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದ. ಬಂಡೆಗಲ್ಲನ್ನು ಜಲ್ಲಿ ಮಾಡುವ ದೈತ್ಯ ಯಂತ್ರಕ್ಕೆ ಎಣ್ಣೆ ಬಿಡುವುದು, ಸಡಿಲವಾದ ನಟ್ಟುಗಳನ್ನು ಬಿಗಿಯುವುದು ಅವನ ಪಾಲಿನ ಕೆಲಸ. ಅರವತ್ತಮೂರರಲ್ಲಿ ಅಲ್ಲಿ ಕೆಲಸ ಕಡಿಮೆಯಾಯಿತು. ಊರಿಗೆ ಮರಳುತ್ತಿದ್ದ ಗುತ್ತಿಗೆದಾರನೊಬ್ಬ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ಮಾರುವವನಿದ್ದ. ಜಟ್ಟಿ ಅದನ್ನು ಕೊಂಡು, ಅದರ ಮೇಲೇ ಘಟ್ಟ ಇಳಿದು ಮನೆಗೆ ಬಂದ. ಬೆಳಕೆಯವರು ಅದನ್ನು ಫಟಫಟಿ ಎಂದು ಕರೆದರು. ಗಂಗಿ ಅಂಗಳದಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿ, ಹುಲ್ಲು ಬೇಡ ಎನ್ನುವುದೇನೋ ಸರಿ, ಆದರೆ ಹಾಲೂ ಕೊಡುವುದಿಲ್ಲವಲ್ಲ ಎಂದಳು.

ಮಾದೇವಿ ಹಿಂದಿನ ಸೀಟನ್ನು ಗೇಣು ಹಾಕಿ ಅಳೆದಳು. ಮರುದಿನ ಬೆಳಿಗ್ಗೆ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಹಿಂದೆ ಕೂತಳು.

ಭಟ್ಕಳದಿಂದ ಕಾಸರಕೋಡಿನವರೆಗೂ ಜನ ನಿಂತು ನೋಡಿದರು. ಮಂಕಿಯ ಚಾ ಅಂಗಡಿಯಲ್ಲಿ ಯಾರೋ ಮಾತಾಡಿಕೊಂಡದ್ದು ತಿರುಗಿ ಬೆಳಕೆಗೆ ಬಂತು. ಗಂಗಿ ಅದನ್ನು ಸೊಸೆಗೆ ಹೇಳಿದಾಗ ಮಾದೇವಿ, ಬಸ್ಸಿನಲ್ಲಿ ಯಾರ್ಯಾರದೋ ಪಕ್ಕ ಕೂತು ಹೋಗುವಾಗ ಯಾರೂ ಏನೂ ಅನ್ನಲಿಲ್ಲ, ಈಗ ಗಂಡನ ಬೆನ್ನಿಗೆ ಕೂತರೆ ಮಾತು ಬಂತಲ್ಲ ಎಂದಳು. ಗಂಗಿಗೆ ಆ ಮಾತು ಸರಿಯೆನ್ನಿಸಿತು. ಮುಂದೆ ಯಾರಾದರೂ ಕೇಳಿದರೆ ಅವಳು ಅದನ್ನೇ ತನ್ನ ಮಾತೆಂಬಂತೆ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಆ ವರ್ಷ ವ್ಯಾಪಾರ ಎದ್ದು ನಿಂತಿತು. ಬಸ್ಸು ಶಿರಾಲಿ ಬಿಡುವ ಮೊದಲೇ ಇವರು ಹೊಳೆಯ ದಂಡೆಯಲ್ಲಿರುತ್ತಿದ್ದರು. ಬೆಳಗಿನ ಮೊದಲ ಜಂಗಲ್ಲಿಗೆ ಫಟಫಟಿಯನ್ನು ಹತ್ತಿಸಿದರೆ ಮೊಗ್ಗು ಇನ್ನೂ ಹಸಿರು ತೊಟ್ಟಿನಲ್ಲಿ ಗಟ್ಟಿಯಾಗಿರುವಾಗಲೇ ಪೇಟೆ. ಜಂಗಲ್ಲು ನಡೆಸುವ ಬೊಮ್ಮ ಇವರಿಗೆಂದು ಮುಂದಿನ ಮೂಲೆಯಲ್ಲಿ ಜಾಗ ಬಿಡುತ್ತಿದ್ದ. ದೇವಸ್ಥಾನದವರು, ಕೊಂಕಣಿ ಮನೆಗಳ ಹೆಂಗಸರು, ಮದುವೆಮನೆಯವರು ಮಾದೇವಿಯ ಹೂವಿಗೇ ಕಾಯುತ್ತಿದ್ದರು. ಅವರಲ್ಲೆಲ್ಲ ದೊಡ್ಡ ಗಿರಾಕಿ ನರ್ಮದಾಬಾಯಿ. ಬಂದರದ ದಾರಿಯಲ್ಲಿ ಅವರದು ದೊಡ್ಡ ಮನೆ. ನೇರ ಮಾತಿನ ಹೆಂಗಸು. ತಮ್ಮ ಮಗಳ ಮದುವೆಗೆ ಪೂರ್ತಿ ಹೂವು ನೀನೇ ತರಬೇಕು ಎಂದು ಮಾದೇವಿಗೆ ಮೂರು ತಿಂಗಳ ಮೊದಲೇ ಹೇಳಿಟ್ಟಿದ್ದರು.

ಅರವತ್ನಾಲ್ಕರ ಬೇಸಿಗೆಯಲ್ಲಿ ಫಟಫಟಿಗೆ ಎಣ್ಣೆ ಸೋರುವ ರೋಗ ಹಿಡಿಯಿತು.

ಸೋರುತ್ತಿದ್ದ ಜಾಗ ಎಂಜಿನ್ನಿನ ಬಲಬದಿಗೆ, ಕೆಳಗೆ. ಅಲ್ಲಿ ಸಣ್ಣ ಬಟ್ಟಲಿನಷ್ಟು ಅಗಲದ ದುಂಡನೆಯ ಮುಚ್ಚಳವೊಂದಿತ್ತು. ಅದರ ಒಳಗೆ ಎಣ್ಣೆ ಸೋಸುವ ಫಿಲ್ಟರು. ಮುಚ್ಚಳದ ಅಂಚಿನಿಂದ ಎಣ್ಣೆ ಬೆವರಿನಂತೆ ಒಸರಿ, ಗಾಳಿಗೆ ಹಿಂದಕ್ಕೆ ಹರಿದು, ಕಾದ ಹೊಗೆ ಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು. ಮೊದಮೊದಲು ಜಟ್ಟಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರವೆಂದ ಮೇಲೆ ನಾಲ್ಕು ಹನಿ ಎಣ್ಣೆ ಬೀಳದೆ ಇರುತ್ತದೆಯೇ ಎಂದ. ಮಾದೇವಿಯ ಮೂಗಿಗೆ ಅದು ಮೊದಲ ದಿನವೇ ಬಡಿದಿತ್ತು. ಮಲ್ಲಿಗೆ ಎಂದರೆ ಹಾಲಿನ ಹಾಗೆ, ಹತ್ತಿರ ಏನಿದೆಯೋ ಅದರ ವಾಸನೆಯನ್ನು ಎಳೆದುಕೊಳ್ಳುತ್ತದೆ. ಅವಳು ಬುಟ್ಟಿಗೆ ಇನ್ನೊಂದು ಸುತ್ತು ಬಾಳೆಲೆ ಸುತ್ತಿದಳು. ಎಡತೊಡೆಗೆ ಸರಿಸಿಕೊಂಡಳು. ಸೆರಗು ಮುಚ್ಚಿದಳು. ಯಾವುದೂ ಸಾಕಾಗಲಿಲ್ಲ.

ಒಂದು ದಿನ ನರ್ಮದಾಬಾಯಿ ದಂಡೆಯನ್ನು ಎಂದಿನಂತೆ ಮೂಗಿನ ಹತ್ತಿರ ಹಿಡಿದವರು ಹಾಗೆಯೇ ಬುಟ್ಟಿಗೆ ಇಳಿಸಿದರು. ತೇಲಾ ವಾಸು, ಎಣ್ಣೆಯ ವಾಸನೆ, ಎಂದು ಕೊಂಕಣಿಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಂಡು, ಆಮೇಲೆ ಕನ್ನಡದಲ್ಲಿ ಅವಳಿಗೆ ಹೇಳಿದರು. "ಮಾದೇವಿ, ನಂಗೆ ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಈ ಹೂವನ್ನ ನಾನು ನನ್ನ ಮಗಳ ತಲೆಗೆ ಮುಡಿಸ್ಲಿಕ್ಕಿಲ್ಲ. ಮದುವೆಯೊಳಗೆ ಸರಿ ಆತದೆಯೋ, ಬೇರೆಯವರಿಗೆ ಹೇಳ್ಬೇಕೋ, ನೀನೇ ಹೇಳು."

ಮಾದೇವಿ ಒಂದು ಗಳಿಗೆಯೂ ತಡೆಯಲಿಲ್ಲ. "ಬೇರೆಯವರಿಗೆ ಹೇಳುದು ಬೇಡ ಅಮ್ಮ. ಸರಿ ಮಾಡ್ಕೊಂಡೇ ಬತ್ತೆ" ಎಂದಳು.

ಹೇಗೆ ಸರಿ ಮಾಡುವುದೆಂದು ಅವಳಿಗೆ ಆಗ ತಿಳಿದಿರಲಿಲ್ಲ. ಆದರೂ ಆ ಮಾತು ಆಡುವಾಗ ಅವಳ ಎದೆ ಅಳುಕಲಿಲ್ಲ. ಮನುಷ್ಯ ಮಾಡಿದ ವಸ್ತು ಸೋರಿದರೆ ಅದನ್ನು ಮನುಷ್ಯನೇ ನಿಲ್ಲಿಸಬಹುದು ಎಂಬುದು ಅವಳ ನಂಬಿಕೆ. ಆಕಾಶ ಸೋರಿದರೆ ಬೇರೆ ಮಾತು. ಅಂದು ವಾಪಸಾಗುವಾಗ, ಮಾರಾಟವಾಗದ ಹೂವನ್ನು ಜಂಗಲ್ಲಿನಲ್ಲಿದ್ದ ಹೆಂಗಸರಿಗೆ ಹಂಚಿಬಿಟ್ಟಳು.

ಜಟ್ಟಿಗೆ ಗೊತ್ತಿದ್ದ ಮದ್ದು ಒಂದೇ, ಬಿಗಿಯುವುದು. ಮುಚ್ಚಳದ ನಡುವಿನ ನಟ್ಟಿಗೆ ಪಾನಾ ಹಾಕಿ ದಿನಾ ಬೆಳಿಗ್ಗೆ ಹಲ್ಲು ಕಚ್ಚಿ ತಿರುಗಿಸುತ್ತಿದ್ದ. ಅಂದು ಸ್ವಲ್ಪ ನಿಂತಂತೆ ಕಂಡು ಮರುದಿನ ಎಣ್ಣೆ ಇನ್ನಷ್ಟು ಬರುತ್ತಿತ್ತು. ಹೊನ್ನಾವರದಲ್ಲಿ ಲಾರಿ ರಿಪೇರಿ ಮಾಡುವ ಮಿಸ್ತ್ರಿಯೊಬ್ಬ ಬಟ್ಟೆ ಸೋಪನ್ನು ನಾದಿ ಅಂಚಿಗೆ ಮೆತ್ತಿಕೊಟ್ಟ. ಅದು ಮಂಕಿಯವರೆಗೆ ತಡೆಯಿತು. ಆಮೇಲೆ ಜಟ್ಟಿ ಬಸ್ಸಿನ ಹಳೆಯ ಟ್ಯೂಬು ಕತ್ತರಿಸಿ ತಾನೇ ಒಂದು ರಬ್ಬರಿನ ವಾಶರ್ ಮಾಡಿ ಮುಚ್ಚಳದ ಒಳಗೆ ಹಾಕಿದ. ಎರಡು ದಿನ ಒಂದು ಹನಿ ಇಲ್ಲ. ಜಟ್ಟಿ ಊಟ ಮಾಡುವಾಗ ಸಿಳ್ಳೆ ಹಾಕಿದ. ಮೂರನೆಯ ದಿನ ಆ ರಬ್ಬರು ಬಿಸಿ ಎಣ್ಣೆಯಲ್ಲಿ ನೆನೆದು ಕರಿದ ಹಪ್ಪಳದಂತೆ ಉಬ್ಬಿ ಹೊರಕ್ಕೆ ನಾಲಗೆ ಚಾಚಿತ್ತು. ಅವನ ಪಂಚೆಯೆಲ್ಲ ಎಣ್ಣೆ.

ಅಂದು ಮನೆಗೆ ಬಂದವನು ಫಟಫಟಿಯನ್ನು ತೆಂಗಿನ ಮರಕ್ಕೆ ಒರಗಿಸಿ, ಇದನ್ನು ಮಾರಿಬಿಡುವುದೇ ಸೈ ಎಂದ. ಬಸ್ಸೇ ನಮಗೆ ತಕ್ಕದ್ದು, ಹಣೆಯಲ್ಲಿ ಬರೆಯದ್ದನ್ನು ಹತ್ತಿ ಕೂತರೆ ಹೀಗೇ ಎಂದೂ ಸೇರಿಸಿದ. ಗಂಗಿ ಮಗನ ಮುಖ ನೋಡಿ ಒಳಗೆ ಹೋದಳು. ಮಾದೇವಿ ಮಧ್ಯಾಹ್ನದ ಗಂಜಿ ಬಡಿಸಿ, ಅವನು ಕೈ ತೊಳೆಯುವವರೆಗೆ ಕಾದಳು. ಗಂಡಸಿಗೆ ಹೊಟ್ಟೆ ತುಂಬಿದ ಮೇಲೆ ಹೇಳುವ ಮಾತೇ ಬೇರೆ, ಹಸಿದಿರುವಾಗ ಹೇಳುವುದೇ ಬೇರೆ ಎಂದು ಅವಳು ಬಲ್ಲಳು.

"ಆ ಮುಚ್ಚಳ ಒಂದ್ಸಲ ಬಿಚ್ಚಿ. ನಾ ನೋಡ್ಬೇಕು."

"ನೀ ನೋಡಿ ಎಂತ ಮಾಡ್ತೆ?"

"ನೋಡಿದ್ಮೇಲೆ ಹೇಳ್ತೆ."

ಜಟ್ಟಿಗೆ ಅದು ಅಷ್ಟು ಹಿಡಿಸಲಿಲ್ಲ. ಯಂತ್ರದ ವಿಷಯ ತನ್ನದು, ಹೂವಿನ ವಿಷಯ ಅವಳದು ಎಂದು ಇಬ್ಬರ ನಡುವೆ ಬಾಯಿ ಬಿಟ್ಟು ಹೇಳದ ಒಂದು ಗಡಿಯಿತ್ತು. ಆದರೆ ಮಾರುವ ಗಾಡಿಗೆ ಗಡಿ ಎಲ್ಲಿಯದು? ಅವನು ಪಾನಾ ತಂದ. ಮಾದೇವಿ ಗಿಂಡಿಯ ನೀರಿನಲ್ಲಿ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು.

ನಟ್ಟು ಬಿಚ್ಚಿದಾಗ ಒಂದು ಬಟ್ಟಲಿನಷ್ಟು ಕಪ್ಪು ಎಣ್ಣೆ ಬಳಬಳ ಸುರಿಯಿತು. ಕೆಳಗಿಟ್ಟ ಪಾತ್ರೆಯಲ್ಲಿ ಅದನ್ನು ಹಿಡಿದರು. ಮುಚ್ಚಳದ ಹಿಂದೆ ಒಂದು ಸ್ಪ್ರಿಂಗು, ಅದರ ಹಿಂದೆ ಕಂಬಳಿ ಸುತ್ತಿ ಮಾಡಿದಂತಿದ್ದ ದಪ್ಪ ಫಿಲ್ಟರು. ಒಂದೊಂದನ್ನೂ ಕೈಗೆತ್ತಿಕೊಂಡು ಇದು ಎಂತಕ್ಕೆ, ಅದು ಎಂತಕ್ಕೆ ಎಂದು ಅವಳು ಕೇಳಿದಳು. ಎಣ್ಣೆ ಈ ಕಡೆಯಿಂದ ಒಳಗೆ ಬಂದು, ಕಂಬಳಿಯಲ್ಲಿ ಸೋಸಿ, ಆ ಕಡೆಗೆ ಹೋಗುತ್ತದೆ ಎಂದು ಜಟ್ಟಿ ಹೇಳಿದ. ಹೇಳುತ್ತ ಹೇಳುತ್ತ ಅವನ ಸಿಟ್ಟೂ ಸ್ವಲ್ಪ ಇಳಿಯಿತು. ವಿವರಿಸಿ ಹೇಳುವುದೆಂದರೆ ಅವನಿಗೆ ಇಷ್ಟ. ಫಿಲ್ಟರಿಗೆ ಏನೂ ಆಗಿರಲಿಲ್ಲ. ಎಣ್ಣೆ ಹೊರಗೆ ಬರಬೇಕಾದರೆ ಮುಚ್ಚಳದ ಅಂಚಿನಿಂದಲೇ ಬರಬೇಕು.

ಮಾದೇವಿ ಮುಚ್ಚಳವನ್ನು ಸೀಗೆಪುಡಿ ಹಾಕಿ ತೊಳೆದಳು. ಅಂಚಿನ ಮೇಲೆ ಬೆರಳು ಆಡಿಸಿದಳು. ಬೆಳಗಿನಿಂದ ಸಂಜೆಯವರೆಗೆ ಮೊಗ್ಗಿನ ತೊಟ್ಟು ಮುಟ್ಟಿ ಮುಟ್ಟಿ ಅವಳ ಬೆರಳ ತುದಿಗೆ ಕಣ್ಣಿತ್ತು. ಒಂದು ಕಡೆ ಏರು, ಒಂದು ಕಡೆ ತಗ್ಗು ಇದ್ದಂತೆ ಅನ್ನಿಸಿತು. ಒಳಗೆ ಹೋಗಿ ಒಡೆದ ಕನ್ನಡಿಯ ತುಂಡೊಂದನ್ನು ತಂದು ಅದರ ಮೇಲೆ ಮುಚ್ಚಳವನ್ನು ಬೋರಲಾಗಿ ಇಟ್ಟು ಒತ್ತಿದಳು. ಮುಚ್ಚಳ ಕುಂಟುಕಾಲಿನ ಮಣೆಯಂತೆ ಟಕಟಕ ಅಂದಿತು.

ಅಷ್ಟಕ್ಕೇ ಅವಳು ಬಿಡಲಿಲ್ಲ. ಡಬ್ಬಿಯಿಂದ ಕಾಡಿಗೆ ತೆಗೆದು, ಎಂಜಿನ್ನಿನ ಮೇಲೆ ಮುಚ್ಚಳ ಕೂರುವ ಜಾಗಕ್ಕೆ ತೆಳ್ಳಗೆ ಸವರಿದಳು. ಒಣ ಮುಚ್ಚಳವನ್ನು ಅದಕ್ಕೆ ಒತ್ತಿ ಹಿಡಿದು ತೆಗೆದಳು. ಕಾಡಿಗೆ ಅಂಚಿನ ಸುತ್ತಲೂ ಹತ್ತಬೇಕಿತ್ತು. ಹತ್ತಿದ್ದು ಎರಡೇ ಕಡೆ, ಉಗುರಿನಷ್ಟಗಲ. ಉಳಿದ ಅಂಚೆಲ್ಲ ಬೋಳು.

ಜಟ್ಟಿ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿ ನೋಡಿದ. ಹಾಗಾದರೆ ಇನ್ನೂ ಜೋರಾಗಿ ಬಿಗಿಯಬೇಕಿತ್ತು ಎಂದ.

ಮಾದೇವಿ ತಲೆಯಾಡಿಸಿದಳು. ದಂಡೆ ಕಟ್ಟಲು ಬಂದ ಹೊಸ ಹುಡುಗಿಯರಿಗೆ ಅವಳು ದಿನಾ ಹೇಳುವ ಮಾತೊಂದಿತ್ತು. ಅದನ್ನೇ ಈಗ ಮೆಲುದನಿಯಲ್ಲಿ ಗಂಡನಿಗೆ ಹೇಳಿದಳು. "ನಾರು ಸಡಿಲ ಆದ್ರೆ ಹೂವು ಜಾರ್ತದೆ. ಅತಿ ಬಿಗಿದ್ರೆ ತೊಟ್ಟೇ ತುಂಡಾತದೆ. ಈ ಮುಚ್ಚಳನ್ನ ನಟ್ಟು ನಡುವಿಗೆ ಜಗ್ಗಿ ಜಗ್ಗಿ ಸೊಟ್ಟ ಮಾಡಿದೆ. ಅದು ಬಿಗಿ ಸಾಲದೆ ಸೋರುದಲ್ಲ."

ಬಿಗಿದವರು ಯಾರು ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಜಟ್ಟಿ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ. ಅಣೆಕಟ್ಟಿನ ಕೆಲಸದಲ್ಲಿ ಅವನ ಮೇಲಿನವನು ಐದು ವರ್ಷ ಅವನ ಕಿವಿಯಲ್ಲಿ ಒಂದೇ ಮಾತು ಕೂಗಿದ್ದ: ಬಿಗಿ, ಇನ್ನೂ ಬಿಗಿ. ಬೆಟ್ಟವನ್ನೇ ಅಗಿದು ಉಗಿಯುವ ಯಂತ್ರ ಅದು. ಅದರ ನಟ್ಟು ಒಂದು ಸಡಿಲವಾದರೆ ಯಾರದೋ ಜೀವ ಹೋಗಬಹುದು. ಅಲ್ಲಿ ಆ ಮಾತು ಸರಿಯೇ ಆಗಿತ್ತು. ಅದನ್ನೇ ಅವನು ಈ ಅಂಗೈಯಗಲದ ಮುಚ್ಚಳಕ್ಕೂ ತಂದಿದ್ದ. ಬೀಡಿ ಮುಗಿದ ಮೇಲೆ ಅವನು ಎದ್ದು ಬಂದು, ಈಗ ಇದನ್ನು ಮಟ್ಟ ಮಾಡುವುದು ಹೇಗೆ ಎಂದು ಹೆಂಡತಿಯನ್ನೇ ಕೇಳಿದ. ಕೇಳುವಾಗ ಅವನ ದನಿಯಲ್ಲಿ ಮುನಿಸಿರಲಿಲ್ಲ. ಮಾದೇವಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂದದ್ದು ಆಗಲೇ.

ದೀಪ ತಿಕ್ಕಿ ತೊಳೆಯಲು ಇಟ್ಟಿದ್ದ ಇಟ್ಟಿಗೆಯನ್ನು ಅವಳು ಕುಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಮುಟ್ಟಿದರೆ ಅರಿಶಿನದಂತೆ ನುಣ್ಣಗಿರುವ ಪುಡಿ ಮಾಡಿದಳು. ಅದನ್ನು ಎಣ್ಣೆಯಲ್ಲಿ ಕಲಸಿ ಕನ್ನಡಿಯ ಮೇಲೆ ಹಚ್ಚಿದಳು. ಜಟ್ಟಿ ಅದರ ಮೇಲೆ ಮುಚ್ಚಳವಿಟ್ಟು, ದೋಸೆಹಿಟ್ಟು ರುಬ್ಬುವ ಹಾಗೆ ಸುತ್ತಿ ಸುತ್ತಿ ತಿಕ್ಕತೊಡಗಿದ. ತಿಕ್ಕಲು ಅವನ ತೋಳೇ ಬೇಕು. ಎಷ್ಟು ತಿಕ್ಕಬೇಕೆಂದು ಹೇಳಲು ಅವಳ ಬೆರಳು. ಆಗಾಗ ತೊಳೆದು ಕಾಡಿಗೆ ಹಚ್ಚಿ ಒತ್ತಿ ನೋಡುತ್ತಿದ್ದರು. ಎರಡು ಚುಕ್ಕೆ ಇದ್ದದ್ದು ನಾಲ್ಕಾಯಿತು. ಮರುದಿನ ಮಧ್ಯಾಹ್ನ ಚುಕ್ಕೆಗಳು ಕೂಡಿ ಗೆರೆಯಾದವು. ಸಂಜೆ ಗಂಗಿ ದನ ಕಟ್ಟಿ ಬಂದು ನೋಡುವಾಗ ಮುಚ್ಚಳದ ಅಂಚಿಗೆ ಕಾಡಿಗೆಯ ಬಳೆ ತೊಡಿಸಿದಂತೆ ಸುತ್ತಲೂ ಕಪ್ಪು ಹತ್ತಿತ್ತು. ಮನೆಯ ಕಾಡಿಗೆಯೆಲ್ಲ ಆ ಫಟಫಟಿಗೇ ಹೋಯಿತಲ್ಲ ಎಂದು ಗಂಗಿ ಗೊಣಗಿದಳು. ಗೊಣಗುತ್ತಲೇ ಹೊಸ ಕಾಡಿಗೆ ಹಿಡಿಯಲು ಬತ್ತಿ ಹೊಸೆದಳು.

ಇನ್ನು ವಾಶರ್. ರಬ್ಬರಿನ ಪಾಡು ನೋಡಿ ಆಗಿತ್ತು. ಚರ್ಮ ಆಗಬಹುದು ಎಂದು ಜಟ್ಟಿ ಹೇಳಿದ. ಅದು ಕಾದರೆ ಮುರುಟುತ್ತದೆ ಎಂದು ಮಾದೇವಿಗೆ ಅನುಮಾನ. ಕೊನೆಗೆ ಅವಳು ಪೆಟ್ಟಿಗೆಯಿಂದ ತನ್ನ ಒಳ್ಳೆಯ ಸೀರೆ ತೆಗೆದು, ಅದರ ಮಡಿಕೆಯೊಳಗೆ ಅಂಗಡಿಯವರು ಇಟ್ಟಿದ್ದ ರಟ್ಟನ್ನು ಎಳೆದಳು. ತೆಳ್ಳಗೆ, ಗಟ್ಟಿಯಾಗಿ, ಎಲ್ಲ ಕಡೆ ಒಂದೇ ದಪ್ಪಕ್ಕಿದ್ದ ರಟ್ಟು. ಮುಚ್ಚಳದ ಅಂಚಿಗೆ ಕಾಡಿಗೆ ಹಚ್ಚಿ ರಟ್ಟಿನ ಮೇಲೆ ಒತ್ತಿದರೆ ಅಳತೆಗೆ ತಕ್ಕ ಗುರುತು ತಾನೇ ಬಿತ್ತು. ಬ್ಲೇಡಿನಿಂದ ಆ ಗುರುತಿನ ಮೇಲೆ ಕತ್ತರಿಸಿ ಒಂದಲ್ಲ, ರಟ್ಟಿನಲ್ಲಿ ಆದಷ್ಟು ವಾಶರ್ ಮಾಡಿದಳು. ಅವನ್ನೆಲ್ಲ ಹರಳೆಣ್ಣೆಯಲ್ಲಿ ನೆನೆಹಾಕಿದಳು. ಒಂದನ್ನು ಗಾಡಿಗೆ ಹಾಕಿ, ಉಳಿದವನ್ನು ಬಾಳೆಲೆಯಲ್ಲಿ ಸುತ್ತಿ ಇಟ್ಟುಕೊಂಡಳು.

ಬಿಗಿಯುವಾಗ ಪಾನಾ ತನ್ನ ಕೈಗೆ ಬೇಕೆಂದು ಕೇಳಿದಳು. ಬೆರಳಿನಿಂದ ನಟ್ಟನ್ನು ತಿರುಗುವಷ್ಟು ತಿರುಗಿಸಿ, ಆಮೇಲೆ ಪಾನಾ ಹಾಕಿ ರಟ್ಟು ಕಚ್ಚಿದ್ದು ಕೈಗೆ ತಿಳಿಯುವವರೆಗೆ ಒತ್ತಿ, ಅಲ್ಲಿಗೇ ನಿಲ್ಲಿಸಿದಳು. "ಆತು. ಇನ್ನು ಮುಟ್ಟುದು ಬೇಡ" ಎಂದಳು.

ಎಂಜಿನ್ನಿನ ಬುಡಕ್ಕೆ ಬಿಳಿ ಬಟ್ಟೆಯೊಂದನ್ನು ಕಟ್ಟಿ ಇಬ್ಬರೂ ಶಿರಾಲಿಯವರೆಗೆ ಹೋಗಿ ಬಂದರು. ಬಟ್ಟೆಯಲ್ಲಿ ಧೂಳಿತ್ತು, ಎಣ್ಣೆ ಇರಲಿಲ್ಲ.

ನರ್ಮದಾಬಾಯಿಯ ಮನೆಯ ಮದುವೆಯ ದಿನ ಬೆಳಕೆಯ ಕೇರಿಯಲ್ಲಿ ಕೋಳಿ ಕೂಗುವ ಮೊದಲೇ ಗಿಡಗಳ ನಡುವೆ ಹೆಂಗಸರ ಮಾತು ಕೇಳುತ್ತಿತ್ತು. ಅಷ್ಟು ಹೂವನ್ನು ಮಾದೇವಿ ಒಂದೇ ಸಲಕ್ಕೆ ಎಂದೂ ಒಯ್ದಿರಲಿಲ್ಲ. ತೊಡೆಯ ಮೇಲೊಂದು ಬುಟ್ಟಿ, ಹಿಂದೆ ಕಟ್ಟಿದ್ದು ಒಂದು, ಎಡಗಡೆ ತೂಗುಹಾಕಿದ್ದು ಇನ್ನೊಂದು. ಬಲಗಡೆ ಮಾತ್ರ ಖಾಲಿ ಬಿಟ್ಟಿದ್ದರು. ಮುರುಡೇಶ್ವರದ ತಿರುವು ದಾಟುವಾಗ ಸೂರ್ಯ ಇನ್ನೂ ಗುಡ್ಡದ ಹಿಂದಿದ್ದ. ಫಟಫಟಿ ಒಂದೇ ಹದದಲ್ಲಿ ಓಡುತ್ತಿತ್ತು. ಮಾದೇವಿಗೆ ಹಾಡಬೇಕೆನ್ನಿಸಿತು.

ಕಾಸರಕೋಡಿನ ದಂಡೆಯಲ್ಲಿ ಇಳಿದು ಸೀರೆ ಕೊಡವುವಾಗ ಅವಳ ಮೂಗಿಗೆ ಅದು ಬಂತು. ಬಹಳ ಅಲ್ಲ. ಬೇರೆ ಯಾರಿಗೂ ತಿಳಿಯದಷ್ಟು. ಬಗ್ಗಿ ನೋಡಿದರೆ ಮುಚ್ಚಳದ ಕೆಳಗೆ ಕೂದಲೆಳೆಯಷ್ಟು ಎಣ್ಣೆ ಹೊಳೆಯುತ್ತಿತ್ತು. ಬೆಳಿಗ್ಗೆ ಪಾನಾ ಹಾಕಿದಿರಾ ಎಂದು ಅವಳು ಜಟ್ಟಿಯನ್ನು ಕೇಳಿದಳು.

ಜಟ್ಟಿ ಹೊಳೆಯ ಕಡೆ ನೋಡುತ್ತ ನಿಂತ. "ಒಂಚೂರೇ. ಮದುವೆ ಹೂವು ಅಲ್ದಾ, ಮನಸ್ಸು ತಡೀಲಿಲ್ಲ" ಎಂದ.

ಆ ಒಂಚೂರಿಗೆ ರಟ್ಟು ಹಿಸುಕಿ ಸೀಳಿತ್ತು. ಜಂಗಲ್ಲು ಆಗಲೇ ದಂಡೆಗೆ ತಾಗಿತ್ತು. ಅದನ್ನು ಬಿಟ್ಟರೆ ಮುಂದಿನದಕ್ಕೆ ಬಿಸಿಲೇರುವವರೆಗೆ ಕಾಯಬೇಕು. ಹಾಗೆಂದು ಸೋರುವ ಗಾಡಿಯಲ್ಲಿ ಆಚೆ ದಡದಿಂದ ಮದುವೆಮನೆಯವರೆಗೆ ಹೋದರೆ ನರ್ಮದಾಬಾಯಿಯ ಮೂಗು ಬಿಡುತ್ತದೆಯೇ? ಬೈಯಲು ಹೊತ್ತಿಲ್ಲ, ಬೈದು ಫಲವೂ ಇಲ್ಲ. ಹತ್ತಿಸಿ, ಹೊಳೆಯಲ್ಲೇ ಬದಲಾಯಿಸುವ ಎಂದಳು ಮಾದೇವಿ.

ಬೊಮ್ಮ ಹೂವಿನ ಬುಟ್ಟಿಗಳನ್ನು ಗಾಳಿ ಬರುವ ಕಡೆಗೆ, ಜಂಗಲ್ಲಿನ ಇನ್ನೊಂದು ತುದಿಗೆ ಒಯ್ದಿಟ್ಟ. ಫಟಫಟಿಯನ್ನು ನಡುವಿನಲ್ಲಿ ನಿಲ್ಲಿಸಿ ಜಟ್ಟಿ ಅಲುಗಾಡದಂತೆ ಹಿಡಿದುಕೊಂಡ. ಎಣ್ಣೆ ಹಿಡಿಯಲು ಪಾತ್ರೆಯಿಲ್ಲ. ಬೊಮ್ಮನ ಹತ್ತಿರ ದೋಣಿಯ ನೀರು ಚೆಲ್ಲುವ ದೊಡ್ಡ ತೆಂಗಿನ ಗೆರಟೆಯಿತ್ತು. ಮಾದೇವಿ ಅದನ್ನು ಸೆರಗಿನಿಂದ ಒರೆಸಿ ಒಣಗಿಸಿ ಮುಚ್ಚಳದ ಬುಡಕ್ಕೆ ಹಿಡಿದಳು. ಎಂಜಿನ್ನು ಬೆಂಕಿಯಂತೆ ಕಾದಿತ್ತು. ಕೈಗೆ ಬಾಳೆಲೆ ಸುತ್ತಿಕೊಂಡು ನಟ್ಟು ಬಿಚ್ಚಿದಳು. ಬಿಸಿ ಎಣ್ಣೆ ಗೆರಟೆಗೆ ಇಳಿಯಿತು. ಜಂಗಲ್ಲಿನಲ್ಲಿದ್ದವರೆಲ್ಲ ಸುತ್ತುಗಟ್ಟಿದರು. ಲಾರಿಯ ಡ್ರೈವರನೊಬ್ಬ ತಾನು ಮಾಡಿಕೊಡುತ್ತೇನೆಂದು ಮುಂದೆ ಬಂದ. ಬೇಡ, ಅವಳಿಗೆ ಗೊತ್ತಿದೆ ಎಂದು ಜಟ್ಟಿಯೇ ಅವನನ್ನು ತಡೆದ.

ಹರಿದ ರಟ್ಟನ್ನು ಅವಳು ಉಗುರಿನಿಂದ ಕೆರೆದು ತೆಗೆದಳು. ಅಂಚನ್ನು ಎರಡು ಸಲ ಒರೆಸಿದಳು. ಬಾಳೆಲೆಯ ಪೊಟ್ಟಣದಿಂದ ಹೊಸ ವಾಶರ್ ತೆಗೆದು ಕೂರಿಸಿ, ಸ್ಪ್ರಿಂಗು ಜಾರದಂತೆ ಹೆಬ್ಬೆರಳಿನಲ್ಲಿ ಒತ್ತಿ, ಮುಚ್ಚಳ ಮುಚ್ಚಿದಳು. ನಡುಹೊಳೆಯಲ್ಲಿ ಗಾಳಿ ಎದ್ದು ಜಂಗಲ್ಲು ಒಮ್ಮೆ ಓಲಾಡಿತು. ಅವಳು ನಟ್ಟಿನ ಮೇಲಿನ ಬೆರಳು ತೆಗೆಯದೆ ಓಲಾಟ ನಿಲ್ಲುವವರೆಗೆ ಹಾಗೆಯೇ ಕೂತಿದ್ದಳು. ಪಾನಾ ಹಾಕಿ, ರಟ್ಟು ಕಚ್ಚಿದ ಕೂಡಲೆ ಕೈ ತೆಗೆದಳು. ಗೆರಟೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಗಾಡಿಗೆ ಮರಳಿ ಹೊಯ್ದರು. ಆಚೆ ದಡ ಮುಟ್ಟಿದ ಮೇಲೆ, ಬೊಮ್ಮ ಕೊಟ್ಟ ಹೊಳೆನೀರಿನಲ್ಲಿ ಅವಳು ದಂಡೆಯ ಮರಳು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದಳು. ಮೂಗಿನ ಹತ್ತಿರ ಹಿಡಿದು ನೋಡಿ ಮತ್ತೊಮ್ಮೆ ತೊಳೆದಳು. ಆಮೇಲೆಯೇ ಬುಟ್ಟಿ ಮುಟ್ಟಿದ್ದು.

ಮದುವೆಮನೆಯ ಅಂಗಳದಲ್ಲಿ ನರ್ಮದಾಬಾಯಿ ತಾವೇ ಬಂದು ಬುಟ್ಟಿಯ ಬಟ್ಟೆ ಸರಿಸಿದರು. ಒಂದು ದಂಡೆ ಎತ್ತಿ ಮೂಗಿಗೆ ಹಿಡಿದರು. ಇನ್ನೊಂದು ಬುಟ್ಟಿಯಿಂದಲೂ ಎತ್ತಿ ಹಿಡಿದರು. ಬುಟ್ಟಿಗಳನ್ನು ನೇರ ಮದುಮಗಳ ಕೋಣೆಗೆ ಒಯ್ಯಲು ಹೇಳಿದರು. ಊಟ ಮಾಡದೆ ಹೋಗಬೇಡಿ ಎಂದು ಇಬ್ಬರನ್ನೂ ನಿಲ್ಲಿಸಿಕೊಂಡರು. ಮಾದೇವಿ ಪಂಕ್ತಿಯಲ್ಲಿ ಕೂತು, ಗಂಡನಿಗಿಂತ ಒಂದು ಹೋಳಿಗೆ ಹೆಚ್ಚೇ ತಿಂದಳು.

ಅಂದಿನಿಂದ ಪಾನಾ ಅವಳ ಸೊಂಟದ ಚೀಲಕ್ಕೆ ಬಂತು. ಜಟ್ಟಿಯೇ ಕೊಟ್ಟದ್ದು. ನನ್ನ ಕೈಯಲ್ಲಿದ್ದರೆ ಅದು ತಿರುಗದೆ ಇರುವುದಿಲ್ಲ ಎಂದು ಅವನೇ ಹೇಳಿ ನಕ್ಕ. ಭಟ್ಕಳದಲ್ಲಿ ಫಟಫಟಿ ಇಟ್ಟುಕೊಂಡಿದ್ದ ಒಬ್ಬಿಬ್ಬರು ಎಣ್ಣೆ ಸೋರುತ್ತದೆ ಎಂದು ಬೆಳಕೆಗೆ ಬಂದರು. ಮಾದೇವಿ ಅವರಿಗೆ ಕಾಡಿಗೆ ಹಚ್ಚಿ ನೋಡುವುದನ್ನು ಹೇಳಿಕೊಟ್ಟಳು. ತಾನು ಹೂವಿನವಳು, ಮಿಸ್ತ್ರಿಯಲ್ಲ ಎಂದು ಕಳಿಸಿದಳು.

ಮರುವರ್ಷ ವ್ಯಾಪಾರ ಬೆಳೆಯಿತು. ಬೆಳಕೆಯ ಹೂವು ಹೊನ್ನಾವರಕ್ಕೆ ಹೆಚ್ಚಾಗತೊಡಗಿದಾಗ ಕುಮಟೆಯ ಪೇಟೆಯವರು ತಮಗೂ ತರುವಂತೆ ಹೇಳಿ ಕಳಿಸಿದರು. ಹೊನ್ನಾವರದಿಂದ ಕುಮಟೆಗೆ ದೊಡ್ಡ ಹೊಳೆಯ ಅಡ್ಡಿಯಿಲ್ಲ, ಒಳ್ಳೆಯ ದಾರಿ. ಆದರೆ ಇಬ್ಬರೂ ಮುಂದೆ ಹೋದರೆ ಹೊನ್ನಾವರದ ಗಿರಾಕಿಗಳನ್ನು ನೋಡುವವರಿಲ್ಲ. ಜಟ್ಟಿಗೆ ಮಾರುವ ಬಾಯಿಲ್ಲ ಎಂದೇ ಇಬ್ಬರೂ ತಿಳಿದಿದ್ದರು. ಮಾದೇವಿ ಹಿಂದೆ ಮುಂದೆ ಯೋಚಿಸಿ, ಹೊನ್ನಾವರದವರು ನನ್ನ ಹೂವು ನೋಡಿ ಕೊಳ್ಳುವವರು, ಮುಖ ನೋಡಿ ಅಲ್ಲ, ಅಲ್ಲಿ ನೀವು ಕೂತರೆ ಸಾಕು, ಹೊಸ ಊರಿಗೆ ನಾನೇ ಹೋಗಬೇಕು ಎಂದಳು. ಹೇಗೆ ಹೋಗುತ್ತೀ ಎಂದು ಜಟ್ಟಿ ಕೇಳಿದ. ಅವಳು ಅಂಗಳದ ಕಡೆ ಬೆರಳು ತೋರಿಸಿದಳು.

ಆ ಮಳೆಗಾಲ ಕಳೆದು ಗದ್ದೆ ಒಣಗಿದ ಮೇಲೆ, ಬೆಳಕೆಯ ಕಡಲ ದಂಡೆಯ ಗಟ್ಟಿ ಮರಳಿನಲ್ಲಿ ಅವಳು ಫಟಫಟಿ ಓಡಿಸಲು ಕಲಿತಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಮೊದಲ ದಿನ ಮೂರು ಸಲ ಬಿದ್ದಳು. ಮೀನು ಒಣಗಿಸುತ್ತಿದ್ದ ಹೆಂಗಸರು ನಕ್ಕರು. ಅವಳೂ ನಕ್ಕಳು. ಒಂದು ವಾರಕ್ಕೆ ಅವರು ತಮ್ಮ ಕೆಲಸಕ್ಕೆ ಮರಳಿದರು. ನಗುವಂಥದ್ದು ಏನೂ ಉಳಿದಿರಲಿಲ್ಲ.

ಅರವತ್ತಾರರ ಚೈತ್ರದಲ್ಲಿ ಒಂದು ಬೆಳಿಗ್ಗೆ ಜಟ್ಟಿಯನ್ನು ಹೊನ್ನಾವರದ ಪೇಟೆಯಲ್ಲಿ ಬುಟ್ಟಿಯೊಡನೆ ಇಳಿಸಿ, ಮಾದೇವಿ ಒಬ್ಬಳೇ ಕುಮಟೆಯ ದಾರಿ ಹಿಡಿದಳು. ಎದುರು ಬಂದ ಬಸ್ಸಿನ ಜನ ಕಿಟಕಿಯಿಂದ ಕತ್ತು ಚಾಚಿದರು. ಎತ್ತಿನ ಗಾಡಿಯವನೊಬ್ಬ ನೋಡುತ್ತ ನೋಡುತ್ತ ಗಾಡಿಯನ್ನು ಚರಂಡಿಗೆ ಇಳಿಸಿಬಿಟ್ಟ. ಅವಳು ನಿಲ್ಲಿಸಿ ಎತ್ತು ಹಿಡಿದು ಅವನಿಗೆ ಮೇಲೆತ್ತಲು ನೆರವಾಗಿ ಮುಂದೆ ಹೋದಳು. ಕುಮಟೆಯಲ್ಲಿ ಹೂವು ಇಳಿಸಿ ಬಟ್ಟೆ ಸರಿಸಿದ್ದೇ ತಡ, ಪರಿಮಳಕ್ಕೆ ಜನ ಕೂಡಿದರು. ಬಿಸಿಲು ನೆತ್ತಿಗೆ ಬರುವ ಮೊದಲು ಬುಟ್ಟಿಯಲ್ಲಿ ಬಾಳೆಲೆ ಮಾತ್ರ ಉಳಿಯಿತು.

ಮಧ್ಯಾಹ್ನ ಅವಳು ಹೊನ್ನಾವರಕ್ಕೆ ಮರಳುವಾಗ ಜಟ್ಟಿ ರಸ್ತೆಗೇ ಬಂದು ನಿಂತಿದ್ದ. ಬೆಳಗಿನಿಂದ ಎಷ್ಟು ಸಲ ಅಲ್ಲಿಗೆ ಬಂದು ನೋಡಿ ಹೋಗಿದ್ದನೋ, ಪಕ್ಕದ ಅಂಗಡಿಯವನು ಅವನನ್ನು ನೋಡಿ ಮುಗುಳ್ನಗುತ್ತಿದ್ದ. ಹೇಗಾಯಿತು ಎಂದು ಜಟ್ಟಿ ಕೇಳಿದ.

ಮಾದೇವಿ ಎಂಜಿನ್ನು ನಿಲ್ಲಿಸಿ, ಮುಖದ ಧೂಳು ಸೆರಗಿನಲ್ಲಿ ಒರೆಸಿಕೊಂಡಳು. "ರಸ್ತೆ ಚಲೋ ಇತ್ತು. ನಾಳೆಗೆ ಇನ್ನೊಂದು ಬುಟ್ಟಿ ಕಟ್ಟುವ" ಎಂದಳು.